ಕೆರೆ ಬಿಟ್ಟು ರಸ್ತೆ ಹಿಡಿದ ಊರುಗಳು

ಹುಬ್ಬಳ್ಳಿ–ಬೆಂಗಳೂರು ರೈಲು ಹಾವೇರಿ ಜಿಲ್ಲೆಯನ್ನು ದಾಟುವಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪಟ್ಟಣಗಳನ್ನು ಮುಟ್ಟಿ ಹೋಗುತ್ತದೆ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಈ ಜಿಲ್ಲೆ ಹುಟ್ಟಿದಾಗ ಇದ್ದದ್ದು ಏಳು ತಾಲ್ಲೂಕು. ಉಳಿದ ನಾಲ್ಕರ ಕೇಂದ್ರಗಳಾದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ರೈಲಿಲ್ಲ. ಸವಣೂರಿನವರು ಹತ್ತಬೇಕೆಂದರೆ ಯಲವಿಗಿಗೆ ಹೋಗಬೇಕು. ಹಳಿ ತಪ್ಪಿಸಿಕೊಂಡದ್ದಕ್ಕೋ ಏನೋ, ಈ ನಾಲ್ಕೂ ಊರುಗಳು ಬಹುಕಾಲ ತಮ್ಮ ಹಳೆಯ ಅಳತೆಯಲ್ಲೇ ಉಳಿದವು. ಕೋಟೆ, ಪೇಟೆ, ಮಠ, ದರ್ಗಾ, ಸಂತೆ ಮೈದಾನ; ಅದರಾಚೆ ಹೊಲ. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಆ ಅಳತೆ ಮೀರಿದೆ. ಊರು ಮುಗಿಯುತ್ತಿದ್ದಲ್ಲಿ ಈಗ ‘ಹೊಸ ಪ್ಲಾಟು’ ಶುರುವಾಗುತ್ತದೆ. ಬೆಂಗಳೂರಿನ ಉಪನಗರಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಇಪ್ಪತ್ತರಿಂದ ನಲವತ್ತು ಸಾವಿರದ ಆಸುಪಾಸಿನ ಜನರ ತಾಲ್ಲೂಕು ಊರಿಗೂ ಒಂದು ಉಪನಗರ ಹುಟ್ಟುತ್ತಿದೆ, ಅಲ್ಲಿ ಬದುಕುವುದಕ್ಕೆ ಬೇರೆಯದೇ ಕಷ್ಟಸುಖಗಳಿವೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಕಷ್ಟಗಳ ಮೂಲ ಊರು ಬೆಳೆದದ್ದರಲ್ಲಿಲ್ಲ, ಬೆಳೆಯುವಾಗ ಯಾವುದನ್ನು ನೋಡಿ ಬೆಳೆಯಿತು ಎಂಬುದರಲ್ಲಿದೆ ಎಂದು ತೋರಿಸುವುದು ಈ ಬರಹದ ಉದ್ದೇಶ.

ಹಳೆಯ ಊರು ನೋಡಿದ್ದು ಕೆರೆಯನ್ನು. ಹಿರೇಕೆರೂರಿನ ಹೆಸರಿನಲ್ಲೇ ಹಿರಿಯ ಕೆರೆಯಿದೆ. ದುರ್ಗಾದೇವಿಯ ಗುಡಿಯೂ ಕೆರೆಯೂ ಅಲ್ಲಿ ಒಂದೇ ಉಸಿರಿನಲ್ಲಿ ಬರುವ ಮಾತು. ಹಾನಗಲ್ಲಿನ ಆನೆಕೆರೆಗೆ ಎಂಟು ಶತಮಾನ ಮೀರಿದ ದಾಖಲೆಯಿದೆ. 1196ರಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳ ಅಂದಿನ ಪಾನುಂಗಲ್ಲಿಗೆ ಮುತ್ತಿಗೆ ಹಾಕಿದಾಗ ಬೀಡು ಬಿಟ್ಟದ್ದು ಈ ಕೆರೆಯ ಬಳಿ. ನೂರಾರು ಕುದುರೆ, ಆನೆ, ಕಾಲಾಳುಗಳ ದಂಡಿಗೆ ನೀರು ಕೊಡಬಲ್ಲ ಕೆರೆ ಊರ ಮಗ್ಗುಲಲ್ಲೇ ಇತ್ತು ಎಂಬುದೇ ಹಾನಗಲ್ ಕದಂಬರ ರಾಜಧಾನಿ ಅಲ್ಲಿ ಏಕೆ ನೆಲೆಯೂರಿತು ಎಂಬುದಕ್ಕೂ ಉತ್ತರ. ನವಾಬರ ಸವಣೂರಿಗೆ ಮೋತಿ ತಲಾಬ ಇತ್ತು, ವಿಷ್ಣುತೀರ್ಥವಿತ್ತು. ಆ ನೀರಿನ ಆಸರೆಯಲ್ಲಿ ಊರ ಸುತ್ತ ಎಲೆಬಳ್ಳಿ ತೋಟಗಳು ಬೆಳೆದವು, ಸವಣೂರಿನ ಎಲೆ ದೂರದೂರದ ಪೇಟೆಗಳಿಗೆ ಹೋಯಿತು. ಶಿಗ್ಗಾಂವಿಯದು ಇನ್ನೂ ಸೂಕ್ಷ್ಮ. ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಬೆಣ್ಣಿಹಳ್ಳ ಉತ್ತರಕ್ಕೆ ಹರಿದು ಮಲಪ್ರಭೆ ಸೇರುತ್ತದೆ. ಅದೇ ತಾಲ್ಲೂಕಿನ ಇನ್ನೊಂದು ಮಗ್ಗುಲಿನ ನೀರು ವರದೆಯ ಕಡೆ ಇಳಿದು ತುಂಗಭದ್ರೆಗೆ ಹೋಗುತ್ತದೆ. ನೀರು ಎರಡೂ ಕಡೆ ಜಾರಿಹೋಗುವ ಇಂಥ ನೆತ್ತಿಯ ನೆಲದಲ್ಲಿ ನಾಗನೂರ ಕೆರೆಯಂಥದ್ದನ್ನು ಹಿಡಿದಿಟ್ಟುಕೊಳ್ಳದೆ ಊರು ನಿಲ್ಲುವಂತಿರಲಿಲ್ಲ.

ಕೆರೆ ಅಂದರೆ ಬರೀ ನೀರಿನ ಗುಂಡಿಯಲ್ಲ. ಮೇಲೆ ನೀರು ಬರುವ ಹಳ್ಳ, ಏರಿ, ತೂಬು, ಕೋಡಿ, ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗುವ ದಾರಿ, ಇಷ್ಟೂ ಸೇರಿ ಕೆರೆ. ಮನೆ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಈ ವ್ಯವಸ್ಥೆಯೇ ಹೇಳುತ್ತಿತ್ತು. ದಿಬ್ಬದ ಮೇಲೆ ಮನೆ, ಇಳಿಜಾರಿನಲ್ಲಿ ತೋಟ, ತಗ್ಗಿನಲ್ಲಿ ಗದ್ದೆ. ಅದನ್ನು ಬರೆದಿಡುವ ನಗರ ಯೋಜನಾ ಇಲಾಖೆ ಆಗ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಳೆಗಾಲದಲ್ಲಿ ಹಳ್ಳದ ದಾರಿಯಲ್ಲಿ ಕಟ್ಟಿದ ಗೋಡೆ ಉಳಿಯುತ್ತಿರಲಿಲ್ಲ, ಅಷ್ಟೇ.

ಹೊಸ ಬಡಾವಣೆ ನೋಡುವುದು ರಸ್ತೆಯನ್ನು. ಶಿಗ್ಗಾಂವಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ, ಏಕೆಂದರೆ ನಾಲ್ಕರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವುದು ಅದೊಂದೇ. ಈ ಶತಮಾನದ ಮೊದಲ ದಶಕದಲ್ಲಿ ಹೆದ್ದಾರಿ ಚತುಷ್ಪಥವಾದ ಮೇಲೆ ಹುಬ್ಬಳ್ಳಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಬದುಕು ಅಲ್ಲಿ ಸಾಧ್ಯವಾಯಿತು. 2011ರಲ್ಲಿ ಹತ್ತಿರದ ಗೊಟಗೋಡಿಗೆ ಜಾನಪದ ವಿಶ್ವವಿದ್ಯಾಲಯ ಬಂದು ನೌಕರಿಯವರ ಹೊಸದೊಂದು ವರ್ಗ ಬಾಡಿಗೆ ಮನೆ ಹುಡುಕುವಂತಾಯಿತು. ಉಳಿದ ಮೂರು ಊರುಗಳಲ್ಲಿ ಹೆದ್ದಾರಿಯ ಬದಲು ಹಾವೇರಿ, ಶಿರಸಿ, ಲಕ್ಷ್ಮೇಶ್ವರ, ರಾಣೆಬೆನ್ನೂರಿನ ಕಡೆಯ ರಸ್ತೆಗಳು ಅದೇ ಕೆಲಸ ಮಾಡುತ್ತಿವೆ. ರಸ್ತೆಗೆ ತಾಗಿದ ಹೊಲ ಮೊದಲು ಎನ್.ಎ. (ಕೃಷಿಯೇತರ) ಆಗುತ್ತದೆ, ಅದರ ಹಿಂದಿನದು ಆಮೇಲೆ. ಅದು ದಿಬ್ಬವೋ ತಗ್ಗೋ, ಎರಿಯ ಕಪ್ಪು ಮಣ್ಣೋ ಕೆಂಪು ಮಣ್ಣೋ, ಕೋಡಿಯ ದಾರಿಯೋ ಎಂಬ ಪ್ರಶ್ನೆ ದರ ನಿಗದಿಯಾಗುವಾಗ ಏಳುವುದಿಲ್ಲ. ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬ ಪ್ರಶ್ನೆ ಏಳುತ್ತದೆ.

ಜನ ಹೆಚ್ಚಾದರು, ಅದಕ್ಕೆ ಊರು ಹಿಗ್ಗಿತು ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಹಾನಗಲ್ಲಿನ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 25 ಸಾವಿರ, 2011ರಲ್ಲಿ ಸುಮಾರು 28 ಸಾವಿರ. ಸವಣೂರು 35 ಸಾವಿರದಿಂದ 40 ಸಾವಿರದ ಆಸುಪಾಸಿಗೆ ಬಂತು. ಹಾನಗಲ್ಲಿಗೆ ಹತ್ತು ವರ್ಷದಲ್ಲಿ ಬಂದ 3 ಸಾವಿರ ಜನರನ್ನು ಮನೆಗೆ ಐದರಂತೆ ಹಿಡಿದರೆ 600 ಮನೆ ಬೇಕು. ಮೂವತ್ತು–ನಲವತ್ತರ ನಿವೇಶನ ಅಂದರೆ 1,200 ಚದರ ಅಡಿ. ಒಂದು ಎಕರೆಯಲ್ಲಿ ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯದ (ಸಿ.ಎ.) ಜಾಗ ಕಳೆದು ಇಂಥ 20 ನಿವೇಶನ ಸಿಗುತ್ತವೆ ಎಂದುಕೊಳ್ಳೋಣ. ಹಾಗಾದರೆ ಹತ್ತು ವರ್ಷದ ಬೆಳವಣಿಗೆಗೆ 30 ಎಕರೆ ಸಾಕು. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಮಕ್ಕಳ ಶಾಲೆಗಾಗಿ ಹಳ್ಳಿಯವರು ಊರಿಗೆ ಬಂದು ನಿಲ್ಲುತ್ತಾರೆ, ಹಳೆಯ ಮನೆ ಬೀಳುತ್ತದೆ. ಇದಕ್ಕೆಲ್ಲ ಸೇರಿಸಿ ಎರಡರಷ್ಟು ಮಾಡಿದರೂ 60 ಎಕರೆ. ನಾಲ್ಕೂ ಊರುಗಳ ಹೊರವಲಯದಲ್ಲಿ ಕಲ್ಲು ನೆಟ್ಟು, ಕಮಾನು ಕಟ್ಟಿ, ಜಾಲಿ ಬೆಳೆಯಲು ಬಿಟ್ಟಿರುವ ನೆಲವನ್ನು ಈ ಅಳತೆಯ ಪಕ್ಕ ಇಟ್ಟು ನೋಡಿದರೆ, ಅದರಲ್ಲಿ ದೊಡ್ಡ ಪಾಲು ಮನೆಗಾಗಿ ಹುಟ್ಟಿದ್ದಲ್ಲ, ಉಳಿತಾಯ ಹೂಡುವ ಜಾಗವಾಗಿ ಹುಟ್ಟಿದ್ದು ಎಂದು ಒಪ್ಪಲೇಬೇಕಾಗುತ್ತದೆ. 2021ರ ಜನಗಣತಿ ನಡೆಯದೆ ಹೋದದ್ದರಿಂದ ಪುರಸಭೆಗಳ ಕೈಯಲ್ಲಿ ಹೊಸ ಅಂಕಿಯೂ ಇರಲಿಲ್ಲ.

ಬಡಾವಣೆ ಮನೆಗಿಂತ ಹೂಡಿಕೆಗಾಗಿ ಹುಟ್ಟಿತು ಎಂಬುದೇ ಅಲ್ಲಿ ಬದುಕುವವರ ದಿನಚರಿಯನ್ನು ನಿರ್ಧರಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಪ್ಲಾಟು ಖಾಲಿ ಇರುವ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು ನಗರದಲ್ಲೂ ಇಲ್ಲ, ಹಳ್ಳಿಯಲ್ಲೂ ಇಲ್ಲ. ಕಸದ ಗಾಡಿ ಹತ್ತು ಮನೆಗಾಗಿ ಒಂದು ಕಿಲೋಮೀಟರ್ ಬರುವುದಿಲ್ಲ. ಕಸ ಪಕ್ಕದ ಖಾಲಿ ಪ್ಲಾಟಿಗೆ ಬೀಳುತ್ತದೆ, ಹಂದಿ ನಾಯಿ ಬರುತ್ತವೆ. ಗಟಾರ ಕಟ್ಟಿದ್ದರೂ ಅದು ಎಲ್ಲಿಗೂ ಹೋಗಿ ಸೇರುವುದಿಲ್ಲ, ಬಡಾವಣೆಯ ಗಡಿಯಲ್ಲಿ ನಿಂತುಬಿಡುತ್ತದೆ. ಹಾಗಾಗಿ ಬಚ್ಚಲ ನೀರೆಲ್ಲ ತಗ್ಗಿನ ಪ್ಲಾಟಿನಲ್ಲಿ ಹೊಂಡವಾಗಿ ಸೊಳ್ಳೆಗೆ ಮನೆಯಾಗುತ್ತದೆ. ನಳದ ನೀರು ಬರುವವರೆಗೆ ಬೋರು, ಬೋರು ಬತ್ತಿದ ದಿನ ಟ್ಯಾಂಕರ್. ಸವಣೂರಿನ ಎರಿ ಭೂಮಿಯಲ್ಲಿ ಇನ್ನೊಂದು ಸಂಕಟ: ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಅಡಿಪಾಯ ಆಳಕ್ಕೆ ಹೋಗದಿದ್ದರೆ ಗೋಡೆಯೂ ಅದರೊಂದಿಗೆ ಬಿರುಕು ಬಿಡುತ್ತದೆ. ಹೊಲವನ್ನು ಬಲ್ಲ ರೈತನಿಗೆ ಇದು ಗೊತ್ತು. ಅದೇ ಹೊಲವನ್ನು ನಕ್ಷೆಯಲ್ಲಿ ನೋಡಿ ಸಾಲ ಮಾಡಿ ಕೊಂಡ ಶಿಕ್ಷಕಿಗೆ, ಕಂಡಕ್ಟರ್‌ಗೆ ಗೊತ್ತಿರುವುದಿಲ್ಲ. ದೂರದ ಹೊರೆಯೂ ಸಮನಾಗಿ ಬೀಳುವುದಿಲ್ಲ. ಮನೆಯಲ್ಲಿ ಬೈಕು ಓಡಿಸುವವರಿಗೆ ಎರಡು ಕಿಲೋಮೀಟರ್ ಏನೂ ಅಲ್ಲ. ಸಂತೆಗೆ, ಆಸ್ಪತ್ರೆಗೆ, ಅಂಗನವಾಡಿಗೆ ನಡೆದು ಹೋಗುವ ಹೆಂಗಸರಿಗೆ, ಮುದುಕರಿಗೆ ಅದು ದಿನದ ಅರ್ಧ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾನಗಲ್ಲಿನಿಂದ ಹಾವೇರಿಗೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ದುಡ್ಡಿಲ್ಲದೆ ಹೋಗಬಹುದು. ಬಡಾವಣೆಯಿಂದ ಬಸ್ ನಿಲ್ದಾಣಕ್ಕೆ ಮಾತ್ರ ಟಂಟಂಗೆ ಕೊಡಬೇಕು.

ಇಷ್ಟು ಹೇಳಿದಾಗ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪ ಹಳೆಯ ಊರಿನ ಬಗ್ಗೆಯೇ. ಕೆರೆ ನೋಡಿ ಕಟ್ಟಿದ ಊರು ಜಾತಿಯನ್ನೂ ನೋಡಿ ಕಟ್ಟಿದ್ದಲ್ಲವೇ? ನಿಜ. ದಿಬ್ಬ ಯಾರಿಗೆ, ತಗ್ಗು ಯಾರಿಗೆ, ಕೆರೆಯ ಯಾವ ಮೆಟ್ಟಿಲು ಯಾರಿಗೆ ಎಂಬುದು ಓಣಿ ಕೇರಿಗಳ ಹೆಸರಿನಲ್ಲೇ ಬರೆದುಹೋಗಿತ್ತು. ಹೊಸ ಬಡಾವಣೆಯಲ್ಲಿ ಪ್ಲಾಟು ನಂಬರಿಗೆ ಕುಲವಿಲ್ಲ. ಬೇರೆ ಬೇರೆ ಹಳ್ಳಿಯ, ಬೇರೆ ಬೇರೆ ಜಾತಿಯ ಮನೆಗಳು ಒಂದೇ ಗೋಡೆ ಹಂಚಿಕೊಳ್ಳುವುದನ್ನು ಅಲ್ಲಿ ಕಾಣಬಹುದು. ಇದು ಸಣ್ಣ ಲಾಭವಲ್ಲ, ಇದಕ್ಕಾಗಿಯೇ ಹಳೆಯ ಊರು ಬಿಟ್ಟು ಬಂದವರಿದ್ದಾರೆ. ಗಾಳಿ ಬೆಳಕು, ಗಾಡಿ ನಿಲ್ಲಿಸಲು ಜಾಗ, ಹಿತ್ತಲಲ್ಲಿ ಒಂದು ಕರಿಬೇವು, ಒಂದು ಮಾವು, ಇವೂ ಲಾಭವೇ. ಆದರೆ ಆ ಬಿಡುಗಡೆ ಪ್ಲಾಟು ಕೊಳ್ಳಬಲ್ಲವರಿಗಷ್ಟೇ ದಕ್ಕುತ್ತದೆ. ಕೊಳ್ಳಲಾರದವರಿಗೆ ಏನಾಗಬಹುದು ಎಂಬುದನ್ನು ಸವಣೂರು 2010ರ ಜುಲೈನಲ್ಲಿ ಇಡೀ ದೇಶಕ್ಕೆ ತೋರಿಸಿತು. ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಕುಟುಂಬಗಳನ್ನು, ಅವರಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲೆಂದು ಎಬ್ಬಿಸಲು ಹೊರಟಾಗ, ಅವರಲ್ಲಿ ಕೆಲವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಚಿತ್ರಗಳನ್ನು ನೋಡಿದ ನಾಡು ತಲೆತಗ್ಗಿಸಿತು. ಊರು ಹೊರಗೆ ಹಿಗ್ಗಿದಂತೆ ಒಳಗಿನ ನೆಲದ ಬೆಲೆಯೂ ಏರುತ್ತದೆ, ಏರಿದ ಬೆಲೆ ಮೊದಲು ಎಬ್ಬಿಸುವುದು ಕಾಗದಪತ್ರವಿಲ್ಲದವರನ್ನು. ಆದ್ದರಿಂದ ಹಳೆಯ ಕೇರಿಯ ಅನ್ಯಾಯವನ್ನು ಹೊಸ ಬಡಾವಣೆ ತಾನಾಗಿ ತೊಳೆಯುತ್ತದೆ ಎಂದು ನಂಬಲು ಆಧಾರವಿಲ್ಲ. ಗಟಾರ ಬಳಿಯುವವರಿಗೆ, ಕೂಲಿಯವರಿಗೆ ಅಲ್ಲೇ ನಿವೇಶನ ಮೀಸಲಿಟ್ಟು ಹಕ್ಕುಪತ್ರ ಕೊಟ್ಟರೆ ಮಾತ್ರ ಅದು ಸಾಧ್ಯ.

ಎರಡನೆಯ ಆಕ್ಷೇಪ ಹಣದ್ದು. ಸಣ್ಣ ಪುರಸಭೆಗೆ ಆದಾಯ ಎಲ್ಲಿದೆ, ಮನೆಗಳಾದ ಮೇಲೆ ನಿಧಾನವಾಗಿ ಸೌಲಭ್ಯ ಬರುತ್ತದೆ ಎನ್ನುತ್ತಾರೆ. ಇಲ್ಲಿ ಕಾನೂನು ಹೇಳುವುದೇ ಬೇರೆ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅನುಮತಿ ಬೇಕು. ಬಡಾವಣೆಯ ನಕ್ಷೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಒಪ್ಪಿಗೆ ಬೇಕು. ರಸ್ತೆ, ಗಟಾರ, ನೀರು, ದೀಪ ಮಾಡಿಕೊಡುವುದು ಪ್ಲಾಟು ಮಾರುವವರ ಹೊಣೆ. ಆ ಕೆಲಸ ಸಾಗಿದಂತೆ ಹಂತಹಂತವಾಗಿ ನಿವೇಶನ ಬಿಡುಗಡೆಯಾಗಬೇಕು. ಇದನ್ನು ಪಾಲಿಸಿದರೆ ಪುರಸಭೆಯ ಬೊಕ್ಕಸಕ್ಕೆ ಹೊರೆಯೇ ಬೀಳುವುದಿಲ್ಲ. ಪಾಲಿಸದೆ ಆದ ಬಡಾವಣೆಗಳು ರಾಜ್ಯದುದ್ದಕ್ಕೂ ಎಷ್ಟಿವೆಯೆಂದರೆ, ಅವುಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕ ಮೇಲೂ ಸರ್ಕಾರ ಸುಮ್ಮನಿರಲಾಗಲಿಲ್ಲ. 2025ರಲ್ಲಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ–ಖಾತೆ ಕೊಡುವ ಅಭಿಯಾನ ನಡೆಸಿತು. ಮನೆ ಕಟ್ಟಿ ಕುಳಿತ ಬಡವರಿಗೆ ಒಂದು ಉತಾರ ಸಿಗುವುದು ಒಳ್ಳೆಯದೇ. ಆದರೆ ಖಾತೆ ಬಂದಿತೆಂದು ಗಟಾರ ಬರುವುದಿಲ್ಲ. ಬಡಾವಣೆ ಮಾಡಿದವರು ಖರ್ಚು ಮಾಡಬೇಕಿದ್ದ ಹಣವನ್ನು ಈಗ ಅಲ್ಲಿ ವಾಸಿಸುವವರು ಬೋರು, ಟ್ಯಾಂಕರ್, ಮಣ್ಣು ತುಂಬಿಸುವ ಖರ್ಚಿನ ರೂಪದಲ್ಲಿ ತಿಂಗಳು ತಿಂಗಳು ಕಟ್ಟುತ್ತಿದ್ದಾರೆ. ‘ಮನೆಗಳಾಗಲಿ, ಆಮೇಲೆ ಸೌಲಭ್ಯ’ ಎಂಬ ಮಾತಿನಲ್ಲಿ ಈ ಖರ್ಚಿನ ಲೆಕ್ಕವಿಲ್ಲ.

ಮೂರನೆಯದು, ಕೆರೆಯ ಕಾಲ ಮುಗಿಯಿತು ಎಂಬ ವಾದ. ಕುಡಿಯುವ ನೀರು ನದಿಯಿಂದ ಕೊಳವೆಯಲ್ಲಿ ಬರುವಾಗ ಆನೆಕೆರೆಯೇಕೆ, ಮೋತಿ ತಲಾಬವೇಕೆ? ಕೊಳವೆ ನೀರು ತರಬಲ್ಲದು, ಬಂದ ಮಳೆಯನ್ನು ಹೊತ್ತೊಯ್ಯಲಾರದು. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಹೊಲಕ್ಕೆ ಬಿದ್ದ ಮಳೆ ಒಡ್ಡಿನಲ್ಲಿ ನಿಂತು ಇಂಗುತ್ತದೆ. ಅದೇ ನೆಲಕ್ಕೆ ಕಾಂಕ್ರೀಟು, ಡಾಂಬರು ಬಿದ್ದ ಮೇಲೆ ಅಷ್ಟೂ ನೀರು ಒಮ್ಮೆಗೇ ಇಳಿಜಾರು ಹುಡುಕುತ್ತದೆ. ಅರೆಮಲೆನಾಡಿನ ಹಾನಗಲ್ಲಿನಲ್ಲಿ ಇದರ ಒತ್ತಡ ಇನ್ನೂ ಹೆಚ್ಚು. ಮುಂಡಗೋಡ ತಾಲ್ಲೂಕಿನ ಧರ್ಮಾ ಜಲಾಶಯದ ಕಾಲುವೆ ಹಾನಗಲ್ ತಾಲ್ಲೂಕಿನ ಕೆರೆಗಳನ್ನು ಒಂದಕ್ಕೊಂದು ಕಟ್ಟಿಹಾಕಿದೆ. ಒಂದು ಕಡೆ ದಾರಿ ಮುಚ್ಚಿದರೆ ತೊಂದರೆ ಇನ್ನೊಂದು ಕಡೆ. ಬೇಸಿಗೆಯಲ್ಲಿ ಬಡಾವಣೆಯ ಬೋರುಗಳಿಗೆ ನೀರು ಇಂಗಿಸುವುದೂ ಇದೇ ಕೆರೆಗಳು. ಕೆರೆಯನ್ನು ಕಳೆದುಕೊಂಡ ಬಡಾವಣೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವುದು ಒಂದೇ ತಪ್ಪಿನ ಎರಡು ಮುಖ. ಸವಣೂರಿನ ಎಲೆತೋಟಗಳ ಮಾತೂ ಹಾಗೆಯೇ. ಅವು ಊರಿಗೆ ತಾಗಿ ಬೆಳೆದದ್ದರಿಂದ ಪ್ಲಾಟಿನ ಕಣ್ಣು ಮೊದಲು ಬೀಳುವುದು ಅವುಗಳ ಮೇಲೆ. ಎಲೆಬಳ್ಳಿಯ ತೋಟ ಒಮ್ಮೆ ಕಿತ್ತರೆ ಹೋಗುವುದು ಬಳ್ಳಿಯಷ್ಟೇ ಅಲ್ಲ, ಬಾವಿಯೂ, ಬಳ್ಳಿ ಕಟ್ಟುವ ಕೈಗಳ ಪಳಗಿಕೆಯೂ ಹೋಗುತ್ತದೆ.

ಈ ನಾಲ್ಕು ಊರುಗಳಿಗೆ ದೊಡ್ಡ ನಗರಗಳಿಗಿಲ್ಲದ ಒಂದು ಅನುಕೂಲ ಇನ್ನೂ ಉಳಿದಿದೆ: ಕೆರೆ, ಕೋಡಿ, ಹಳ್ಳಗಳು ಸರ್ವೆ ನಕ್ಷೆಯಲ್ಲೂ ಇವೆ, ಬಹುಮಟ್ಟಿಗೆ ನೆಲದ ಮೇಲೂ ಇವೆ, ಅವುಗಳ ದಾರಿ ಬಲ್ಲ ಹಿರಿಯರೂ ಇದ್ದಾರೆ. ಹಿರೇಕೆರೂರನ್ನು ಇದಕ್ಕಾಗಿಯೇ ವಿಶೇಷವಾಗಿ ಗಮನಿಸಬೇಕು. ಉಳಿದ ಮೂರೂ ಪುರಸಭೆಗಳು. ಅದು ಇನ್ನೂ ಪಟ್ಟಣ ಪಂಚಾಯಿತಿ. ತನ್ನ ತಾಲ್ಲೂಕಿನೊಳಗಿದ್ದ ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾದ ಮೇಲೂ ಬೀಜೋತ್ಪಾದನೆಯ ವ್ಯವಹಾರ, ಶಾಲೆ ಕಾಲೇಜುಗಳಿಂದಾಗಿ ಊರು ಬೆಳೆಯುತ್ತಲೇ ಇದೆ. ಪುರಸಭೆಯಾಗಲು ಬೇಕಾದ ಮಟ್ಟ 20 ಸಾವಿರ ಜನ. ಮುಂದಿನ ಜನಗಣತಿಯ ಹೊತ್ತಿಗೆ ಊರು ಅದನ್ನು ದಾಟಿದರೆ ಮೇಲ್ದರ್ಜೆಯ ಜೊತೆಗೆ ಎಲ್ಲೆ ವಿಸ್ತರಣೆಯ ಪ್ರಶ್ನೆಯೂ ಬರುತ್ತದೆ, ಸುತ್ತಲ ಪಂಚಾಯಿತಿಗಳ ಹೊಲಗಳು ಪಟ್ಟಣದ ಗೆರೆಯೊಳಗೆ ಸೇರುತ್ತವೆ. ಆ ಗೆರೆ ಎಳೆಯುವ ಮೊದಲೇ ದುರ್ಗಾದೇವಿ ಕೆರೆಗೆ ನೀರು ಬರುವ ಪ್ರತಿಯೊಂದು ಹಳ್ಳಕ್ಕೆ ಕಲ್ಲು ನೆಡಬೇಕು, ಅದರ ಎರಡೂ ಮಗ್ಗುಲಲ್ಲಿ ಎನ್.ಎ. ಕೊಡುವುದನ್ನು ನಿಲ್ಲಿಸಬೇಕು. ಕೆರೆಗಳ ಗಡಿ ಗುರುತಿಸಲು, ಒತ್ತುವರಿ ತಡೆಯಲು 2014ರಲ್ಲೇ ರಾಜ್ಯಕ್ಕೆ ಪ್ರತ್ಯೇಕ ಕಾಯ್ದೆ ಬಂದಿದೆ. ಬೇಕಿರುವುದು ಒಬ್ಬ ಸರ್ವೇಯರ್, ಒಂದು ಬೇಸಿಗೆ, ಆ ನಕ್ಷೆಯನ್ನು ಪಟ್ಟಣ ಪಂಚಾಯಿತಿಯ ಗೋಡೆಗೆ ಅಂಟಿಸುವ ಮನಸ್ಸು. ಪ್ಲಾಟು ಕೊಳ್ಳಲು ಬಂದ ಶಿಕ್ಷಕಿ ಮುಂಗಡ ಕೊಡುವ ಮೊದಲು ಅದನ್ನು ನೋಡಲಿ.