ಕ್ಯಾಮರಾದ ಲಿಪಿಯನ್ನು ಓದುವುದು ಹೇಗೆ?

ಹೊಸ ಕ್ಯಾಮರಾ ಒಂದನ್ನು ಕೊಂಡ ವಿದ್ಯಾರ್ಥಿಯೊಬ್ಬನು ಊರ ಕೆರೆಯ ಮೇಲಣ ಸೂರ್ಯಾಸ್ತದ ಚಿತ್ರವನ್ನು ತೆಗೆದು ಮನೆಗೆ ಬಂದನೆಂದು ಭಾವಿಸೋಣ. ಚಿತ್ರಗಳನ್ನು ತಿದ್ದುವುದಕ್ಕೆ ಅವನು ಎರಡು ಮೂರು ವರ್ಷಗಳಿಂದ ಬಳಸುತ್ತಿರುವ ತಂತ್ರಾಂಶವೊಂದು ಅವನ ಗಣಕದಲ್ಲಿದೆ. ಕ್ಯಾಮರಾ ಪ್ರತಿಯೊಂದು ನೋಟಕ್ಕೂ ಎರಡೆರಡು ಕಡತಗಳನ್ನು ಬರೆದಿಟ್ಟಿದೆ. ಜೆಪೆಗ್ ಎಂಬ ಕಡತ ಕೂಡಲೆ ತೆರೆದುಕೊಳ್ಳುತ್ತದೆ. ಅದಕ್ಕಿಂತ ಹಲವು ಪಾಲು ದೊಡ್ಡದಾದ 'ರಾ' ಕಡತವನ್ನು ತೆರೆಯಹೋದರೆ ಮಾತ್ರ, ಇದರ ಗುರುತು ತನಗಿಲ್ಲವೆಂದು ತಂತ್ರಾಂಶ ಕೈಯಾಡಿಸಿಬಿಡುತ್ತದೆ. ಕಡತ ಕೆಟ್ಟಿಲ್ಲ, ಗಣಕವೂ ಕೆಟ್ಟಿಲ್ಲ. ಕೆಲವು ವಾರಗಳು ಕಳೆದ ಮೇಲೆ ಅದೇ ತಂತ್ರಾಂಶದ ಹೊಸ ಆವೃತ್ತಿ ಬರುತ್ತದೆ. ಅದೇ ಕಡತ ಅದೇ ಗಣಕದಲ್ಲಿ ಸರಾಗವಾಗಿ ತೆರೆಯುತ್ತದೆ. ಈ ನಡುವೆ ನಡೆದುದೇನು?

ಇದನ್ನು ತಿಳಿಯಬೇಕಾದರೆ, ರಾ ಕಡತವೆಂಬುದು ಚಿತ್ರವೇ ಅಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 'ರಾ' ಎಂದರೆ ಕಚ್ಚಾ. ಕ್ಯಾಮರಾದ ಮಸೂರದ ಹಿಂದೆ, ಹಿಂದಿನವರು ಫಿಲ್ಮನ್ನು ಇಡುತ್ತಿದ್ದ ಎಡೆಯಲ್ಲಿ, ಈಗ ಸಿಲಿಕಾನಿನ ಸಂವೇದಕವೊಂದಿದೆ. ಅದರ ಮೇಲೆ ಕೋಟಿಗಟ್ಟಲೆ ಸೂಕ್ಷ್ಮವಾದ ಬೆಳಕಿನ ಬಾವಿಗಳಿವೆ. ಒಂದೊಂದು ಬಾವಿಯಲ್ಲಿಯೂ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಾವೇಶ ಸಂಗ್ರಹವಾಗುತ್ತದೆ. ಅದನ್ನು ಅಳೆದು ಒಂದು ಅಂಕಿಯಾಗಿ ಬರೆದಿಡುತ್ತಾರೆ. ಆ ಅಂಕಿಗಳ ಪಟ್ಟಿಯೇ ರಾ ಕಡತ. ಅದರಲ್ಲಿ ಬಣ್ಣವೂ ಇಲ್ಲ, ಆಕಾರವೂ ಇಲ್ಲ. ಇರುವುದು ಲೆಕ್ಕ ಮಾತ್ರ.

ಬಣ್ಣವಿಲ್ಲವೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಸಿಲಿಕಾನು ಬೆಳಕಿನ ಪ್ರಮಾಣವನ್ನು ಬಲ್ಲುದೇ ಹೊರತು ಅದು ಕೆಂಪೋ ನೀಲಿಯೋ ಎಂಬುದನ್ನು ಅರಿಯದು. ಈ ಕುರುಡಿಗೆ ಉಪಾಯವನ್ನು ಕಂಡುಹಿಡಿದವನು ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್. 1976ರಲ್ಲಿ ಅವನ ಹೆಸರಿಗೆ ಪೇಟೆಂಟ್ ದೊರೆಯಿತು. ಹಜಾರದ ನೆಲಕ್ಕೆ ಬಣ್ಣದ ಬಿಲ್ಲೆಗಳನ್ನು ಹಾಸುವಂತೆ, ಪ್ರತಿಯೊಂದು ಬಾವಿಯ ಬಾಯಿಗೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದು ಬಣ್ಣದ ಸೋಸುಗವನ್ನು ಹೊದಿಸುವುದೇ ಆ ಉಪಾಯ. ನಾಲ್ಕು ಬಾವಿಗಳ ಪ್ರತಿಯೊಂದು ಚೌಕದಲ್ಲಿಯೂ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಬೆಳಕಿನ ಏರಿಳಿತಗಳನ್ನು ಮುಖ್ಯವಾಗಿ ಹಸಿರಿನ ಆಸುಪಾಸಿನಲ್ಲಿ ಗ್ರಹಿಸುವುದರಿಂದ ಹಸಿರಿಗೆ ಎರಡು ಪಾಲು. 2.4 ಕೋಟಿ ಬಾವಿಗಳ ಸಂವೇದಕದಲ್ಲಿ 1.2 ಕೋಟಿ ಹಸಿರನ್ನೂ, 60 ಲಕ್ಷ ಕೆಂಪನ್ನೂ, 60 ಲಕ್ಷ ನೀಲಿಯನ್ನೂ ಅಳೆಯುತ್ತವೆ. ಯಾವ ಬಾವಿಗೂ ಮೂರು ಬಣ್ಣಗಳ ಅರಿವಿಲ್ಲ. ಕೆಂಪಿನ ಬಾವಿಯಲ್ಲಿ ಹಸಿರು ಎಷ್ಟು ಬೀಳುತ್ತಿತ್ತೆಂಬುದನ್ನು ನೆರೆಹೊರೆಯ ಹಸಿರು ಬಾವಿಗಳನ್ನು ಕೇಳಿಯೇ ಊಹಿಸಬೇಕು. ಹೀಗೆ ಊಹಿಸಿ ತುಂಬಿದಾಗಲೇ ಚಿತ್ರ ಹುಟ್ಟುವುದು.

ಜೆಪೆಗ್ ಕಡತವನ್ನು ಬರೆಯುವಾಗ ಕ್ಯಾಮರಾ ಈ ಎಲ್ಲ ಕೆಲಸವನ್ನೂ ತನ್ನೊಳಗೇ ಮುಗಿಸಿ, ಪ್ರತಿಯೊಂದು ಬಣ್ಣಕ್ಕೂ 256 ಮೆಟ್ಟಿಲುಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕುದನ್ನು ಚೆಲ್ಲಿಬಿಡುತ್ತದೆ. ಬಡಿಸಿದ ಅಡುಗೆಯಂತೆ ಅದು. ಉಪ್ಪು ಹೆಚ್ಚಾಗಿದ್ದರೆ ತೆಗೆಯಲಾಗದು. 14 ಬಿಟ್‌ನ ರಾ ಕಡತದಲ್ಲಾದರೋ 16,384 ಮೆಟ್ಟಿಲುಗಳು ಹಾಗೆಯೇ ಇರುತ್ತವೆ. ಕೆರೆಯ ದಡದ ಮರಗಳು ಕಪ್ಪಾಗಿ ಹೋಗಿದ್ದರೂ ಅವುಗಳ ಎಲೆಗಳನ್ನು ಕತ್ತಲೆಯಿಂದ ಎತ್ತಿ ತೋರಿಸಲು ಇದರಿಂದ ಸಾಧ್ಯವಾಗುತ್ತದೆ. ಛಾಯಾಚಿತ್ರದಲ್ಲಿ ಆಸಕ್ತಿಯುಳ್ಳವರು ರಾ ಕಡತಕ್ಕಾಗಿ ಹಂಬಲಿಸುವುದು ಈ ಕಾರಣದಿಂದ.

ಗಣಕದ ದಾಖಲೆಗೆ ನಾವು ಕನ್ನಡದಲ್ಲಿ ಬಳಸುವ 'ಕಡತ' ಎಂಬ ಮಾತು ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಾಡಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಕಪ್ಪು ಪುಸ್ತಕಕ್ಕೆ ಆ ಹೆಸರಿತ್ತು. ಬಟ್ಟೆ ಗಟ್ಟಿಯಾಗಿಯೇ ಉಳಿದಿದ್ದರೂ ಅದರಲ್ಲಿನ ಲಿಪಿಯನ್ನೂ ಸಂಕ್ಷೇಪಗಳನ್ನೂ ಬಲ್ಲವರಿಲ್ಲದಿದ್ದರೆ ಪ್ರಯೋಜನವೇನು? ಕ್ಯಾಮರಾದ ಕಡತದ ಗತಿಯೂ ಇಂತಹುದೇ. ಕ್ಯಾನನ್ ಸಂಸ್ಥೆಯದು ಸಿ.ಆರ್.3, ನಿಕಾನ್‌ನದು ಎನ್.ಇ.ಎಫ್., ಸೋನಿಯದು ಎ.ಆರ್.ಡಬ್ಲ್ಯು. ಒಂದೊಂದು ಸಂಸ್ಥೆಗೂ ಒಂದೊಂದು ಲಿಪಿ. ಒಂದೇ ಸಂಸ್ಥೆಯ ಎರಡು ಮಾದರಿಗಳಲ್ಲಿಯೂ ಕೆಲವೊಮ್ಮೆ ವ್ಯತ್ಯಾಸ. 2018ರಲ್ಲಿ ಕ್ಯಾನನ್ ತನ್ನ ಹಳೆಯ ಸಿ.ಆರ್.2 ಲಿಪಿಯನ್ನು ಬಿಟ್ಟು ಸಿ.ಆರ್.3ನ್ನು ಹಿಡಿದಾಗ, ಅಲ್ಲಿಯವರೆಗೆ ಕ್ಯಾನನ್ ಕಡತಗಳನ್ನು ಸಲೀಸಾಗಿ ಓದುತ್ತಿದ್ದ ತಂತ್ರಾಂಶಗಳು ಮತ್ತೆ ಅಕ್ಷರಾಭ್ಯಾಸ ಮಾಡಬೇಕಾಯಿತು. ರಾ ಕಡತದ ಒಳಗೆ ಸಾಮಾನ್ಯವಾಗಿ ಒಂದು ಚಿಕ್ಕ ಜೆಪೆಗ್ ಚಿತ್ರವನ್ನೂ ಅಡಗಿಸಿಟ್ಟಿರುತ್ತಾರೆ. ಕ್ಯಾಮರಾದ ಬೆನ್ನಿನ ಪರದೆಯಲ್ಲಿ ಕಾಣುವುದು ಅದೇ. ಅದನ್ನು ಕಂಡು ರಾ ಕಡತವೇ ತೆರೆಯಿತೆಂದು ಮೋಸಹೋಗುವವರುಂಟು.

ಹಾಗಾದರೆ ಬೇರೊಂದು ಸಂಸ್ಥೆಯ ಕ್ಯಾಮರಾವನ್ನು ತಂತ್ರಾಂಶಕ್ಕೆ ಪರಿಚಯ ಮಾಡಿಸುವುದೆಂದರೆ ಏನು? ಅಂಕಿಗಳನ್ನು ಯಾವ ಕ್ರಮದಲ್ಲಿ ಅಡಕಿದ್ದಾರೆ, ಹೇಗೆ ಕುಗ್ಗಿಸಿದ್ದಾರೆ ಎಂಬುದನ್ನು ತಿಳಿಯುವುದು ಮೊದಲ ಮೆಟ್ಟಿಲು. ಅದು ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಬೆಳಕೇ ಇಲ್ಲದಾಗಲೂ ಸಂವೇದಕ ಸೊನ್ನೆಯನ್ನು ಬರೆಯುವುದಿಲ್ಲ. ಒಂದು ಸಣ್ಣ ಅಂಕಿಯನ್ನು ಬರೆಯುತ್ತದೆ. ಅದನ್ನು ಕಳೆಯಬೇಕು. ಕಳೆಯದಿದ್ದರೆ ನೆರಳುಗಳ ಮೇಲೆಲ್ಲ ಬಣ್ಣದ ಮಂಜು ಕವಿಯುತ್ತದೆ. ಬಾವಿ ತುಂಬಿ ತುಳುಕುವುದು ಯಾವ ಅಂಕಿಯಲ್ಲಿ ಎಂಬುದೂ ಗೊತ್ತಿರಬೇಕು. ಅದರಲ್ಲಿ ತಪ್ಪಿದರೆ ನಮ್ಮ ವಿದ್ಯಾರ್ಥಿಯ ಸೂರ್ಯನು ಬೆಳ್ಳಗೆ ಹೊಳೆಯುವ ಬದಲು ನೇರಳೆ ಬೆರೆತ ಗುಲಾಬಿಯಾಗಿ ಮುಳುಗಿಯಾನು.

ಎಲ್ಲಕ್ಕಿಂತ ತೊಡಕಿನದು ಬಣ್ಣದ ಸಂಗತಿ. ಒಂದು ಸಂಸ್ಥೆಯ ಕೆಂಪು ಸೋಸುಗ ಇನ್ನೊಂದರ ಕೆಂಪಿನಂತೆ ಇರುವುದಿಲ್ಲ. ಯಾವುದೂ ನಮ್ಮ ಕಣ್ಣಿನ ಗ್ರಹಣಶಕ್ತಿಗೆ ಸರಿಹೊಂದುವುದಿಲ್ಲ. ಆದಕಾರಣ ಪ್ರತಿಯೊಂದು ಮಾದರಿಯ ಕ್ಯಾಮರಾವನ್ನೂ ತರಿಸಿ, 24 ಬಣ್ಣದ ಚೌಕಗಳುಳ್ಳ ಪ್ರಮಾಣಬದ್ಧ ಫಲಕವನ್ನು ಹಗಲ ಬೆಳಕಿನಲ್ಲೊಮ್ಮೆ, ತಂತಿಯ ಬಲ್ಬಿನ ಬೆಳಕಿನಲ್ಲೊಮ್ಮೆ ಚಿತ್ರಿಸಿ, ಕ್ಯಾಮರಾ ಹೇಳಿದ ಅಂಕಿಗೂ ಚೌಕದ ನಿಜವಾದ ಬಣ್ಣಕ್ಕೂ ಇರುವ ಸಂಬಂಧವನ್ನು ಲೆಕ್ಕಹಾಕುತ್ತಾರೆ. ಫಲಿತಾಂಶ ಬರಿಯ ಒಂಬತ್ತು ಅಂಕಿಗಳು: ಕಾಲೇಜಿನ ವಿದ್ಯಾರ್ಥಿಗಳು ಗಣಿತದಲ್ಲಿ ಕಾಣುವ ಮೂರು ಸಾಲು ಮೂರು ಕಂಬದ ಮಾತೃಕೆ. ಮನುಷ್ಯನ ಮೈಬಣ್ಣ ಮೈಬಣ್ಣವಾಗಿ ಕಾಣುವುದೂ ಕುಂಬಳಕಾಯಿಯ ಬಣ್ಣಕ್ಕೆ ತಿರುಗುವುದೂ ಈ ಒಂಬತ್ತು ಅಂಕಿಗಳ ಕೈಯಲ್ಲಿದೆ. ಹೊಸ ಕ್ಯಾಮರಾದ ಹೆಸರನ್ನು ಕಡತದಲ್ಲಿ ಅಳಿಸಿ ಹಳೆಯ ಮಾದರಿಯ ಹೆಸರನ್ನು ಬರೆದು, ತಂತ್ರಾಂಶವನ್ನು ನಂಬಿಸುವ ಚತುರರೂ ಇದ್ದಾರೆ. ಕಡತವೇನೋ ತೆರೆದೀತು; ಬಣ್ಣ ಮಾತ್ರ ಇನ್ನೊಬ್ಬನ ಕನ್ನಡಕ ಹಾಕಿಕೊಂಡು ನೋಡಿದಂತೆ.

ಈ ವಿವರಗಳನ್ನು ಕ್ಯಾಮರಾ ಸಂಸ್ಥೆಗಳು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಆದ್ದರಿಂದ ಹೊರಗಿನವರು ಒಗಟನ್ನು ಬಿಡಿಸುವಂತೆ ಬಿಡಿಸಬೇಕಾಗುತ್ತದೆ. ಮಸೂರಕ್ಕೆ ಮುಚ್ಚಳ ಹಾಕಿ ಒಂದು ಕಡತ, ಬಿಳಿಯ ಗೋಡೆಯನ್ನು ನೋಡಿ ಒಂದು ಕಡತ. ಎರಡರಲ್ಲಿ ಬದಲಾದ ಅಂಕಿ ಯಾವುದು, ಬದಲಾಗದುದು ಯಾವುದು ಎಂದು ಹೋಲಿಸುತ್ತ ಹೋದರೆ ಲಿಪಿ ಸ್ವಲ್ಪ ಸ್ವಲ್ಪವಾಗಿ ಬಾಯಿಬಿಡುತ್ತದೆ. ಅಮೆರಿಕದ ಡೇವ್ ಕಾಫಿನ್ ಎಂಬಾತ 1997ರಲ್ಲಿ ಈ ಕೆಲಸಕ್ಕೆ ಕೈಹಾಕಿದನು. ಅವನು ಬರೆದ ಡಿ.ಸಿ.ರಾ ಎಂಬ ಕ್ರಮವಿಧಿ ಸಿ ಭಾಷೆಯ ಒಂದೇ ಒಂದು ಕಡತ. 2018ರವರೆಗೆ ಅದನ್ನು ಬೆಳೆಸುತ್ತ ಬಂದು, ನೂರಾರು ಕ್ಯಾಮರಾಗಳ ಲಿಪಿಯನ್ನು ಅದಕ್ಕೆ ಕಲಿಸಿ, ಎಲ್ಲರಿಗೂ ತೆರೆದಿಟ್ಟನು. ಅದರಿಂದ ಹುಟ್ಟಿದ ಲಿಬ್‌ರಾ ಎಂಬ ಗ್ರಂಥಾಲಯವನ್ನು ಇಂದಿಗೂ ಅನೇಕ ತಂತ್ರಾಂಶಗಳು ಆಶ್ರಯಿಸಿವೆ. ಒಬ್ಬ ಮನುಷ್ಯನ ಕುತೂಹಲ ಇಷ್ಟು ಜನರ ಚಿತ್ರಗಳನ್ನು ತೆರೆದುದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲವೆಂದೇ ನಮ್ಮ ಎಣಿಕೆ.

2005ರಲ್ಲಿ ನಡೆದ ಒಂದು ಜಗಳವನ್ನು ಇಲ್ಲಿ ಹೇಳಬೇಕು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ತೋರಿಸಲು ಬೇಕಾದ ಅಂಕಿಗಳನ್ನು ಕ್ಯಾಮರಾ ಕಡತದಲ್ಲಿ ಬರೆದಿಡುವುದು ವಾಡಿಕೆ. ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮರಾದಲ್ಲಿ ಈ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆಯತೊಡಗಿತು. ಫೋಟೋಶಾಪ್‌ನ ಜನಕರಲ್ಲಿ ಒಬ್ಬನಾದ ಥಾಮಸ್ ನೋಲ್, ಅಡೋಬಿ ಸಂಸ್ಥೆಯ ಪರವಾಗಿ ರಾ ಕಡತಗಳನ್ನು ಓದುವ ಕ್ರಮವಿಧಿಯನ್ನು ಬರೆದವನು, ಇದನ್ನು ಬಹಿರಂಗವಾಗಿ ಆಕ್ಷೇಪಿಸಿದನು. ಗೂಢಲಿಪಿಯನ್ನು ಒಡೆಯುವುದು ಅಮೆರಿಕದ ಕಾಯಿದೆಗೆ ವಿರುದ್ಧವಾದೀತೆಂಬ ಅಂಜಿಕೆ ಅಡೋಬಿಗೆ. ಇತರರು ಅಂಜದೆ ಅದನ್ನು ಬಿಡಿಸಿಬಿಟ್ಟರು. ಬಿಡಿಸಿ ನೋಡಿದರೆ, ಬೀಗದ ಕೈ ಅದೇ ಕಡತದಲ್ಲಿಯೇ ಇತ್ತು: ಕ್ಯಾಮರಾದ ಕ್ರಮಸಂಖ್ಯೆ ಮತ್ತು ಅದುವರೆಗೆ ತೆಗೆದ ಚಿತ್ರಗಳ ಎಣಿಕೆ! ಮುಂದೆ ಎರಡೂ ಸಂಸ್ಥೆಗಳು ರಾಜಿಗೆ ಬಂದುವು. ತಮ್ಮ ಅಂಕಿಗಳನ್ನು ಅರೆತಿಳಿವಿನಿಂದ ಓದಿ ಬಣ್ಣ ಕೆಡಿಸುವವರಿಂದ ಹೆಸರಿಗೆ ಕುಂದು ಎಂಬ ತಯಾರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಚಿತ್ರ ತೆಗೆದವನಿಗೇ ತನ್ನ ಚಿತ್ರದ ಅಂಕಿಗಳು ಗುಟ್ಟಾಗಿರಬೇಕೆನ್ನುವುದು ನಮಗೆ ಸರಿತೋರುವುದಿಲ್ಲ.

ಲಿಪಿ ಗೊತ್ತಿದ್ದೂ ಓದದಿರುವುದು ಉಂಟು. ಡೆನ್ಮಾರ್ಕಿನ ಫೇಸ್ ಒನ್ ಸಂಸ್ಥೆ ದೊಡ್ಡ ಸಂವೇದಕಗಳ ಕ್ಯಾಮರಾ ಬೆನ್ನುಗಳನ್ನು ತಯಾರಿಸುತ್ತದೆ. ಅವುಗಳಿಗಾಗಿಯೇ ಹುಟ್ಟಿದ ಕ್ಯಾಪ್ಚರ್ ಒನ್ ತಂತ್ರಾಂಶ ಆಮೇಲೆ ಕ್ಯಾನನ್, ನಿಕಾನ್ ಮೊದಲಾದ ಪರರ ಕ್ಯಾಮರಾಗಳಿಗೂ ಬಾಗಿಲು ತೆರೆಯಿತು. ಆದರೆ ತನ್ನ ಬೆನ್ನುಗಳಿಗೇ ಎದುರಾಳಿಯಾದ ದೊಡ್ಡ ಸಂವೇದಕದ ಕ್ಯಾಮರಾಗಳನ್ನು ಬಹುಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. 2018ರಲ್ಲಿ ಫ್ಯೂಜಿಫಿಲ್ಮ್ ಸಂಸ್ಥೆಯ ಜಿ.ಎಫ್.ಎಕ್ಸ್. ಕ್ಯಾಮರಾಗೆ ಪ್ರವೇಶ ದೊರೆತುದು ಛಾಯಾಚಿತ್ರಕಾರರಿಗೆ ಅಚ್ಚರಿಯ ಸುದ್ದಿಯಾಯಿತು.

ಫ್ಯೂಜಿಫಿಲ್ಮ್‌ನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಅದು 2012ರಲ್ಲಿ ಹೊರತಂದ ಎಕ್ಸ್-ಪ್ರೊ1 ಕ್ಯಾಮರಾದಲ್ಲಿ ಬೇಯರನ ಚೌಕವೇ ಇರಲಿಲ್ಲ. ಆರು ಸಾಲು ಆರು ಕಂಬದ 36 ಬಾವಿಗಳಲ್ಲಿ 20 ಹಸಿರು, 8 ಕೆಂಪು, 8 ನೀಲಿ. ನುಣ್ಣನೆಯ ಬಟ್ಟೆಯನ್ನು ಚಿತ್ರಿಸಿದಾಗ ಕಾಣುವ ಸುಳ್ಳು ಅಲೆಗಳನ್ನು ತಪ್ಪಿಸಲು ಮಾಡಿದ ಯುಕ್ತಿಯಿದು. ಬೇಯರನ ಜೋಡಣೆಗೆ ಒಗ್ಗಿದ್ದ ತಂತ್ರಾಂಶಗಳು ಕಡತವನ್ನು ತೆರೆದುವು. ಆದರೆ ದೂರದ ಮರದ ಎಲೆಗಳೆಲ್ಲ ನೀರುಬಣ್ಣ ಹರಡಿದಂತೆ ಕಲಸಿಹೋದುವು. ಊಹಿಸುವ ಹೊಸ ಗಣಿತವನ್ನು ಕಟ್ಟಿದ ಮೇಲೆಯೇ ಎಲೆಗಳು ಎಲೆಗಳಾದುದು.

ಈ ಲಿಪಿಗಳ ಸಂತೆಗೆ ಪರಿಹಾರವೆಂದು ಅಡೋಬಿ 2004ರಲ್ಲಿ ಡಿ.ಎನ್.ಜಿ. ಎಂಬ ಬಹಿರಂಗ ಲಿಪಿಯನ್ನು ಮುಂದಿಟ್ಟಿತು. ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು. ಕಪ್ಪಿನ ಅಂಕಿ, ತುಂಬಿದ ಬಾವಿಯ ಅಂಕಿ, ಬಣ್ಣದ ಮಾತೃಕೆ ಎಲ್ಲವೂ ಕಡತದೊಳಗೇ ಇರುತ್ತವೆ. ಆದುದರಿಂದ ಎಂದೂ ಕಾಣದ ಕ್ಯಾಮರಾದ ಕಡತವನ್ನೂ ಹಳೆಯ ತಂತ್ರಾಂಶ ತೆರೆಯಬಲ್ಲುದು. ಲೈಕಾ, ಪೆಂಟಾಕ್ಸ್ ಮೊದಲಾದವರು ಇದನ್ನು ಒಪ್ಪಿದರು. ಆ್ಯಪಲ್ ಸಂಸ್ಥೆ 2020ರಲ್ಲಿ ತನ್ನ ಫೋನುಗಳಿಗೆ ತಂದ ಪ್ರೊ ರಾ ಕೂಡ ಇದೇ ಲಿಪಿಯದು. ಆದರೆ ಕ್ಯಾನನ್, ನಿಕಾನ್, ಸೋನಿಗಳು ತಮ್ಮ ತಮ್ಮ ಲಿಪಿಯನ್ನು ಬಿಟ್ಟಿಲ್ಲ. ನಮ್ಮ ವಿದ್ಯಾರ್ಥಿ ತಂತ್ರಾಂಶದ ಹೊಸ ಆವೃತ್ತಿಗಾಗಿ ಕಾಯಬಹುದು. ಅಥವಾ ಅಡೋಬಿ ಉಚಿತವಾಗಿ ಕೊಡುವ ಪರಿವರ್ತಕ ಅವನ ಕ್ಯಾಮರಾವನ್ನು ಬಲ್ಲುದಾದರೆ, ಕಡತವನ್ನು ಡಿ.ಎನ್.ಜಿ.ಗೆ ಬದಲಾಯಿಸಿಕೊಳ್ಳಬಹುದು. ಮೂಲ ಕಡತವನ್ನು ಮಾತ್ರ ಅಳಿಸಬಾರದು.

ಜಪಾನಿನ ಕೊನಿಕಾ ಮಿನೋಲ್ಟಾ ಸಂಸ್ಥೆ 2006ರಲ್ಲಿ ಕ್ಯಾಮರಾ ವ್ಯಾಪಾರವನ್ನೇ ಬಿಟ್ಟಿತು. ಅದರ ಕ್ಯಾಮರಾಗಳು ಬರೆದ ಎಂ.ಆರ್.ಡಬ್ಲ್ಯು. ಎಂಬ ಕಡತಗಳು ಇನ್ನೂ ಎಷ್ಟೋ ಮನೆಗಳ ಗಣಕಗಳಲ್ಲಿವೆ: ಮದುವೆಗಳು, ನಾಮಕರಣಗಳು, ಈಗಿಲ್ಲದ ಹಿರಿಯರ ಮುಖಗಳು. ಅಜ್ಜನ ಕಾಲದ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬಹುದಾಗಿತ್ತು. ಇವುಗಳನ್ನು ಹಾಗೆ ನೋಡಲಾಗದು. ಆದರೂ ಅವು ಇಂದಿಗೂ ತೆರೆಯುತ್ತಿವೆ. ಕಾಫಿನ್ ಮೊದಲಾದವರು ಆ ಲಿಪಿಯನ್ನು ಕಲಿತು ತಮ್ಮ ಕ್ರಮವಿಧಿಗಳಲ್ಲಿ ಬರೆದಿಟ್ಟಿದ್ದಾರೆ.