ಜೀವವಿಜ್ಞಾನವನ್ನು ಕಲಿತವರು ಉದ್ಯಮಿಗಳಾಗುವ ಬಗೆ

ಮೈಸೂರು ಸೀಮೆಯ ಭೂಮಾಲೀಕರ ಮನೆಗಳಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆಯು ತಲೆದೋರಿರುವುದು. ಮನೆಯ ಮಗನಾಗಲಿ ಮಗಳಾಗಲಿ ಮಾನಸಗಂಗೋತ್ರಿಯಲ್ಲಿ ಜೀವತಂತ್ರಜ್ಞಾನವನ್ನೋ ಸೂಕ್ಷ್ಮಜೀವಿಶಾಸ್ತ್ರವನ್ನೋ ಓದಿ ಎಂ.ಎಸ್ಸಿ. ಪದವಿಯನ್ನು ಪಡೆದು ಊರಿಗೆ ಹಿಂದಿರುಗುವರು. ವಿದ್ಯೆಗೆ ತಕ್ಕ ಕೆಲಸವು ಬೇಗನೆ ಒದಗದು. ಆಗ ತಾವೇ ಒಂದು ಕೈಗಾರಿಕೆಯನ್ನು ಸ್ಥಾಪಿಸುವೆವೆಂದು ಹೇಳಿ ಹಿರಿಯರಲ್ಲಿ ಬಂಡವಾಳವನ್ನು ಬೇಡುವರು. ಹಿರಿಯರಿಗೆ ಈ ವಿದ್ಯೆಯ ಪರಿಚಯವಿಲ್ಲ. ಇಲ್ಲವೆನ್ನಲು ಮನಸ್ಸು ಬಾರದು, ಕೊಡಲು ಧೈರ್ಯವೂ ಸಾಲದು.

ಕಳೆದ ವರ್ಷ ಕಪಿಲಾ ನಾಲೆಯ ಅಚ್ಚುಕಟ್ಟಿನ ಗೃಹಸ್ಥರೊಬ್ಬರು ಇದೇ ಚಿಂತೆಯಿಂದ ನಮ್ಮ ಬಳಿಗೆ ಬಂದಿದ್ದರು. ಅವರ ಮಗಳು ಜೀವಾಣುಗೊಬ್ಬರವನ್ನು ತಯಾರಿಸುವೆನೆಂದು ಹಟ ಹಿಡಿದಿದ್ದಳು. ಅದಕ್ಕಾಗಿ ಎರಡು ಎಕರೆ ಗದ್ದೆಯನ್ನು ಆಧಾರಮಾಡಿ ಸಾಲವನ್ನೆತ್ತಬಹುದೆ ಎಂಬುದು ಅವರ ಪ್ರಶ್ನೆ. ಆ ಹುಡುಗಿಯನ್ನು ಕರೆಯಿಸಿ ಮಾತನಾಡಿಸಿದೆವು. ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಉಣಿಸತಕ್ಕ ಜೀವಾಣುಗಳನ್ನು ಬೇರೆಮಾಡುವುದು ಹೇಗೆ, ಅವುಗಳನ್ನು ಬೆಳೆಸುವುದು ಹೇಗೆ ಎಂಬುದನ್ನು ಆಕೆ ನಮಗಿಂತಲೂ ಚೆನ್ನಾಗಿ ವಿವರಿಸಿದಳು. ಒಂದು ಪೊಟ್ಟಣಕ್ಕೆ ಎಷ್ಟು ಖರ್ಚು ಬೀಳುವುದು, ಚೈತ್ರದ ಬಿಸಿಲಿನಲ್ಲಿ ಅಂಗಡಿಯ ತಗಡಿನ ಮಾಡಿನ ಕೆಳಗೆ ಅದು ಎಷ್ಟು ದಿನ ಜೀವದಿಂದಿರುವುದು, ಮಾರಲು ಯಾರ ಅಪ್ಪಣೆ ಬೇಕು ಎಂದು ಕೇಳಿದಾಗ ಮಾತ್ರ ಸುಮ್ಮನಾದಳು. ಅದು ಆಕೆಯ ತಪ್ಪಲ್ಲ. ಆರು ವರ್ಷಗಳ ಓದಿನಲ್ಲಿ ಯಾರೂ ಆಕೆಯನ್ನು ಆ ಪ್ರಶ್ನೆಗಳನ್ನು ಕೇಳಿರಲಿಲ್ಲ.

ಈ ಮೂರರಲ್ಲಿ ಅಪ್ಪಣೆಯ ವಿಷಯವನ್ನು ಮೊದಲು ಹೇಳುವೆವು. ಜೀವಾಣುಗೊಬ್ಬರಗಳು 2006ರಲ್ಲಿ ಗೊಬ್ಬರಗಳ ನಿಯಂತ್ರಣಾಜ್ಞೆಯೊಳಗೆ ಸೇರಿದವು. ಪುಡಿಯ ರೂಪದ್ದಾದರೆ ಗ್ರಾಂ ಒಂದಕ್ಕೆ 5 ಕೋಟಿಗೆ ಕಡಮೆಯಿಲ್ಲದೆಯೂ, ದ್ರವರೂಪದ್ದಾದರೆ ಮಿಲಿಲೀಟರು ಒಂದಕ್ಕೆ 10 ಕೋಟಿಗೆ ಕಡಮೆಯಿಲ್ಲದೆಯೂ ಸಜೀವ ಕಣಗಳಿರತಕ್ಕದ್ದು. ಟ್ರೈಕೋಡರ್ಮದಂತಹ ರೋಗನಿವಾರಕ ಶಿಲೀಂಧ್ರವನ್ನು ಮಾರುವುದಾದರೆ 1968ರ ಕೀಟನಾಶಕಗಳ ಕಾಯಿದೆಯ ಮೇರೆಗೆ ನೋಂದಣಿ ಬೇಕು. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆಯ ಪರವಾನಗಿಯು ಬೇರೆ.

ಇನ್ನು ತಯಾರಿಕೆಯ ಪ್ರಮಾಣ. ಕುಡಿಕೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ಬಲ್ಲ ಹೆಂಗಸು ಮದುವೆಯ ಮನೆಯ ಕೊಪ್ಪರಿಗೆಗೆ ಹೆಪ್ಪು ಹಾಕುವಾಗ ಕೈ ನಡುಗುವುದುಂಟು. ಕೊಪ್ಪರಿಗೆಯ ಹಾಲು ನಡುವಿನಲ್ಲಿ ಬಿಸಿಯಾಗಿಯೂ ಅಂಚಿನಲ್ಲಿ ತಣ್ಣಗೂ ಇರುವುದು, ಒಂದು ಹನಿ ಹುಳಿ ತಪ್ಪಿದರೆ ಎಲ್ಲವೂ ಕೆಡುವುದು. ಪ್ರಯೋಗಶಾಲೆಯ ಬುಡ್ಡಿಯಲ್ಲಿ ಬೆಳೆದ ಜೀವಾಣುವನ್ನು ಐನೂರು ಲೀಟರಿನ ತೊಟ್ಟಿಯಲ್ಲಿ ಬೆಳೆಸುವುದೂ ಅಂತಹುದೇ ಕೆಲಸ. ಗಾಳಿ ಸಾಲದೆ, ಶಾಖವು ಹೆಚ್ಚಿ, ಬೇಡದ ಜೀವಾಣುವೊಂದು ನುಗ್ಗಿ, ಇಡೀ ತೊಟ್ಟಿಯನ್ನು ಚರಂಡಿಗೆ ಸುರಿಯಬೇಕಾದೀತು. ಜೀವವಿಜ್ಞಾನಿಯನ್ನು ಉದ್ಯಮಿಯನ್ನಾಗಿ ಮಾಡುವ ಶಿಕ್ಷಣದಲ್ಲಿ ಹೆಚ್ಚಿನ ಪಾಲು ಈ ಕೊಪ್ಪರಿಗೆಯ ಪಾಠವೇ ಆಗಿದೆ, ಉಳಿದುದು ಲೆಕ್ಕ.

ನಮ್ಮ ಸೀಮೆಗೆ ಈ ಬಗೆಯ ಶಿಕ್ಷಣವು ಹೊಸದಲ್ಲ. 1914ರಲ್ಲಿ ಯುರೋಪಿನಲ್ಲಿ ಯುದ್ಧವು ಹತ್ತಿದಾಗ ಮೈಸೂರಿನ ಗಂಧದ ಕೊರಡುಗಳಿಗೆ ಹೊರದೇಶದ ಗಿರಾಕಿಗಳಿಲ್ಲದೆ ಹೋಯಿತು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ಪಂಡಿತರು ಎಣ್ಣೆ ಇಳಿಸುವ ಕ್ರಮವನ್ನು ಗೊತ್ತುಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ನಡೆಯತೊಡಗಿದವು. ರಸಾಯನಶಾಸ್ತ್ರಜ್ಞರಾದ ಎಸ್. ಜಿ. ಶಾಸ್ತ್ರಿಗಳನ್ನು ಸಾಬೂನು ಮತ್ತು ಸುಗಂಧದ್ರವ್ಯಗಳ ಕಸುಬನ್ನು ಕಲಿತು ಬರಲು ಸರ್ಕಾರವು ಇಂಗ್ಲೆಂಡಿಗೆ ಕಳುಹಿಸಿತು. ಪದವೀಧರನೊಬ್ಬನಿಗೆ ಮತ್ತೊಂದು ಪದವಿಯನ್ನು ಕೊಡಿಸದೆ ಕಸುಬನ್ನು ಕಲಿಸಿದುದೇ ಇದರಲ್ಲಿ ಗಮನಿಸತಕ್ಕ ಅಂಶ.

ಅದಕ್ಕಿಂತ ಈಚಿನದು ಕಿರಣ್ ಮಜುಂದಾರ್ ಅವರ ವೃತ್ತಾಂತ. ಈಕೆ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಿ, ಆಸ್ಟ್ರೇಲಿಯದಲ್ಲಿ ಬಿಯರು ತಯಾರಿಸುವ ವಿದ್ಯೆಯನ್ನು ಕಲಿತು ಬಂದರು. ಹೆಂಗಸೆಂಬ ಕಾರಣದಿಂದ ಆ ಕೆಲಸವು ಇಲ್ಲಿ ದೊರೆಯಲಿಲ್ಲ. 1978ರಲ್ಲಿ 10,000 ರೂಪಾಯಿಗಳ ಮೂಲಧನದಿಂದ ಬಾಡಿಗೆಯ ಷೆಡ್ಡೊಂದರಲ್ಲಿ ಬಯೋಕಾನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಸರಕುಗಳಲ್ಲಿ ಒಂದು, ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. ಮುಂಜಾನೆ ಎಳೆಗಾಯಿಯ ಮೇಲೆ ಗೀರು ಹಾಕಿದರೆ ಸುರಿಯುವ ಆ ಹಾಲನ್ನು ನಮ್ಮ ತೋಟಗಳಲ್ಲಿ ಯಾರು ಕಂಡಿಲ್ಲ? ಆಗ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಹುದುಗು ಬರಿಸುವ ವಿದ್ಯೆಯನ್ನು ಕೈಯಿಂದಲೇ ಕಲಿತಿದ್ದುದು ಆಕೆಗೆ ನೆರವಾಯಿತೆಂದು ನಮ್ಮ ಎಣಿಕೆ.

ಈಗ ಮೈಸೂರಿನಲ್ಲಿಯೇ ದೊರೆಯುವ ಅನುಕೂಲಗಳನ್ನು ನೋಡೋಣ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆಯಲ್ಲಿ 1950ರಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಸ್ಥಾಪಿತವಾಯಿತು, ವಿ. ಸುಬ್ರಹ್ಮಣ್ಯನ್ ಅವರು ಮೊದಲ ನಿರ್ದೇಶಕರು. ಎಮ್ಮೆಯ ಹಾಲಿನಿಂದ ಎಳೆಯ ಮಕ್ಕಳಿಗೆ ಒಗ್ಗುವ ಆಹಾರವನ್ನು ತಯಾರಿಸುವ ಕ್ರಮವನ್ನು ಇಲ್ಲಿಯೇ ಕಂಡುಹಿಡಿದರು. 1964ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಸ್ಥೆಯ ನೆರವಿನಿಂದ ಅಂತರರಾಷ್ಟ್ರೀಯ ತರಬೇತಿ ಕೇಂದ್ರವೂ ತೆರೆಯಿತು. ಸಂಶೋಧನಾಲಯದವರು ತಾವು ಸಿದ್ಧಪಡಿಸಿದ ಕ್ರಮಗಳನ್ನು ಶುಲ್ಕ ಪಡೆದು ಉದ್ಯಮಿಗಳಿಗೆ ಕೊಡುವರು. ಅಲ್ಪಾವಧಿಯ ತರಬೇತಿಗಳನ್ನೂ ನಡೆಸುವರು. ರಾಜ್ಯ ಸರ್ಕಾರದ ನೆರವಿನಿಂದ ಅಲ್ಲಿ ನ್ಯೂಟ್ರಾ-ಫೈಟೋ ಇನ್‌ಕ್ಯುಬೇಷನ್ ಕೇಂದ್ರವೆಂಬುದೂ ಉಂಟು. ಕೋಳಿಯು ಮೊಟ್ಟೆಗೆ ಕಾವು ಕೊಡುವ ಹಾಗೆ ಹೊಸ ಉದ್ಯಮಕ್ಕೆ ಸ್ಥಳ, ಯಂತ್ರ, ಸಲಹೆಗಳ ಕಾವನ್ನು ಕೊಡುವುದರಿಂದ ಈ ಹೆಸರು.

ರೇಷ್ಮೆಯವರಿಗೆ 1961ರಲ್ಲಿ ಇಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಪರಿಚಿತವಾದುದೇ. 1980ರಲ್ಲಿ ಊಜಿ ನೊಣವು ಕರ್ನಾಟಕಕ್ಕೆ ಹೊಕ್ಕು ಹುಳುಮನೆಗಳನ್ನು ಹಾಳುಮಾಡಿದುದನ್ನು ಹಿರಿಯರು ಮರೆತಿರಲಾರರು. ಆ ನೊಣದ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲತಕ್ಕ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಬೆಳೆಸಿ ಹುಳುಮನೆಗಳಲ್ಲಿ ಬಿಡುವ ಕ್ರಮವು ಬಳಕೆಗೆ ಬಂದಿರುವುದು. ಇಂತಹ ಕಣಜವನ್ನು ಬೆಳೆಸುವುದಾಗಲಿ, ಚಾಕಿ ಹುಳುಗಳನ್ನು ಸಾಕಿ ರೈತರಿಗೆ ಮಾರುವುದಾಗಲಿ ಜೀವಶಾಸ್ತ್ರ ಬಲ್ಲ ಹಳ್ಳಿಯ ಯುವಕರಿಗೆ ಪೇಟೆಯ ಔಷಧೋದ್ಯಮಕ್ಕಿಂತ ಹತ್ತಿರದ ದಾರಿ. ಗಿರಾಕಿಯು ಪಕ್ಕದ ಊರಿನವನೇ ಆಗಿರುವನಷ್ಟೆ.

ಹಣದ ಮಾತು. ಭಾರತ ಸರ್ಕಾರದ ಜೀವತಂತ್ರಜ್ಞಾನ ಇಲಾಖೆಯು 2012ರಲ್ಲಿ ಬೈರಾಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹೊಸ ಕಲ್ಪನೆಯೊಂದು ಕಾರ್ಯಕ್ಕೆ ಬರುವುದೆ ಎಂದು ಪರೀಕ್ಷಿಸಲು ಅದರ ಬಿಗ್ ಎಂಬ ಯೋಜನೆಯಲ್ಲಿ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನವುಂಟು. ಸ್ಪರ್ಧೆಯು ಕಠಿನವಾದುದು, ಹಳೆಯ ಸರಕನ್ನೇ ಮತ್ತೆ ತಯಾರಿಸುವವರಿಗೆ ಅದು ದೊರೆಯದು. ಆದರೂ ಗದ್ದೆಯನ್ನು ಆಧಾರಮಾಡುವುದಕ್ಕೆ ಮೊದಲು ಇದನ್ನು ವಿಚಾರಿಸದಿರುವುದು ಅವಿವೇಕ. ಮಕ್ಕಳು ಯಂತ್ರಗಳ ಪಟ್ಟಿಯನ್ನು ತಂದು ಮುಂದಿಟ್ಟರೆ ಹಿರಿಯರು ಅದನ್ನು ಬದಿಗಿಟ್ಟು, ಕೊಳ್ಳುವವರ ಪಟ್ಟಿಯನ್ನು ಕೇಳಬೇಕು. ಹತ್ತು ಮಂದಿ ರೈತರು ಈ ಸರಕನ್ನು ಇಷ್ಟು ಬೆಲೆಗೆ ಕೊಳ್ಳುವೆವೆಂದು ಬಾಯಿಬಿಟ್ಟು ಹೇಳಿದರೆ, ಅದು ಅಚ್ಚುಹಾಕಿದ ವರದಿಗಿಂತ ಬೆಲೆಯುಳ್ಳದ್ದು.

ಮೇಲೆ ಹೇಳಿದ ಗೃಹಸ್ಥರು ಗದ್ದೆಯನ್ನು ಆಧಾರಮಾಡಲಿಲ್ಲ. ಮಗಳನ್ನು ಮೊದಲು ತರಬೇತಿಗೆ ಕಳುಹಿಸಿದರು. ತೊಟ್ಟಿಯ ಯೋಜನೆಯನ್ನು ಆಕೆ ಇನ್ನೂ ಬಿಟ್ಟಿಲ್ಲ; ಆದರೆ ಈ ಮುಂಗಾರಿಗೆ ತಂದೆಯ ಭೂಮಿಯಲ್ಲಿಯೇ ಅರ್ಧ ಎಕರೆಗೆ ತನ್ನ ಜೀವಾಣುವನ್ನು ಹಾಕಿ, ಪಕ್ಕದ ಅರ್ಧ ಎಕರೆಯನ್ನು ಹಾಗೆಯೇ ಬಿಟ್ಟು, ಎರಡರ ಭತ್ತವನ್ನೂ ಬೇರೆಬೇರೆಯಾಗಿ ತೂಗಿಸುವೆನೆಂದು ತಿಳಿಸಿರುವಳು. ತೂಕದ ದಿನ ನಾವೂ ಅಲ್ಲಿರುವೆವು.