ಮಗಳು ದೊಡ್ಡವಳಾದಳೆಂದು ಆಟ ನಿಲ್ಲಬೇಕೇ?

‘ಕಾಯಕ’ ಎಂಬ ಪದದೊಳಗೆ ‘ಕಾಯ’ವಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯವನ್ನು ದುಡಿಸಿದರು, ಆ ದುಡಿಮೆಯನ್ನೇ ಪೂಜೆಯ ಎತ್ತರಕ್ಕೆ ಏರಿಸಿದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ಅಂದಂದಿನ ಅಕ್ಕಿಯನ್ನು ಅಂದಂದೇ ಆಯ್ದು ತರುವುದು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ನೇಮವಾಗಿತ್ತು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದರು. ಇಂತಹ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿ ಹದಿಹರೆಯದ ಮಕ್ಕಳ ಶರೀರಕ್ಕೆ ಚಲನೆಯೇ ಇಲ್ಲದಂತಾಗುತ್ತಿದೆ. ಅದರಲ್ಲಿಯೂ ಹೆಣ್ಣುಮಕ್ಕಳ ಆಟವು ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ನಿಂತುಹೋಗುತ್ತಿರುವುದು ತಾಯಿ-ತಂದೆಯರೆಲ್ಲರೂ ಕುಳಿತು ವಿಚಾರಿಸಬೇಕಾದ ಸಂಗತಿ.

ಐದರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಚುರುಕಾಗುವಂತಹ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಸ್ನಾಯು ಹಾಗೂ ಮೂಳೆಗಳನ್ನು ಬಲಪಡಿಸುವ ಓಟ, ಜಿಗಿತಗಳು ವಾರದಲ್ಲಿ ಕನಿಷ್ಠ 3 ದಿನ ಇರಬೇಕು. ಆದರೆ ವಾಸ್ತವವೇನು? ಇದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿಯನ್ನು ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2016ರಲ್ಲಿ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿ ಈ ಅಳತೆಯನ್ನು ಮುಟ್ಟಿರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇಕಡಾ 78, ಹುಡುಗಿಯರಲ್ಲಿ ಶೇಕಡಾ 85. ಇಬ್ಬರೂ ಹಿಂದೆ ಬಿದ್ದಿದ್ದಾರೆ. ಹುಡುಗಿಯರು ಇನ್ನೂ ಹಿಂದೆ.

ತುಂಬಿಸಿಕೊಳ್ಳುವ ಕಾಲ

ಇದರಿಂದಾಗುವ ನಷ್ಟ ಇಂದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೂಳೆಗಳ ಗಟ್ಟಿತನದ ಬಹುಪಾಲು ಇಪ್ಪತ್ತು ವರ್ಷ ತುಂಬುವ ವೇಳೆಗೆ ಕೂಡಿಕೊಂಡಿರುತ್ತದೆ. ಹುಡುಗಿಯರಲ್ಲಿ ಈ ಸಂಗ್ರಹವು ಅತ್ಯಂತ ವೇಗವಾಗಿ ನಡೆಯುವುದು ಋತುಮತಿಯಾಗುವ ಆಸುಪಾಸಿನ ವರ್ಷಗಳಲ್ಲಿ. ಓಡಿದಾಗ, ಕುಣಿದಾಗ, ನೆಗೆದಾಗ ಮೂಳೆಯ ಮೇಲೆ ಬೀಳುವ ಭಾರವೇ ಅದನ್ನು ಗಟ್ಟಿಗೊಳಿಸುತ್ತದೆ. ಮುಂದೆ ಮುಟ್ಟು ನಿಂತ ಬಳಿಕ ಮೂಳೆ ಸವೆಯತೊಡಗಿದಾಗ ಹೆಣ್ಣಿಗೆ ಆಸರೆಯಾಗುವುದು ಈ ಹಳೆಯ ಸಂಗ್ರಹ. ಸುಗ್ಗಿಯಲ್ಲಿ ಹಗೇವು ತುಂಬಿಕೊಂಡ ಮನೆ ಬರಗಾಲಕ್ಕೆ ಅಂಜುವುದಿಲ್ಲ. ಆದರೆ ನಾವು ಮಾಡುತ್ತಿರುವುದು ಸರಿಯಾಗಿ ಸುಗ್ಗಿಯ ವೇಳೆಗೇ ಹಗೇವಿನ ಬಾಯಿ ಮುಚ್ಚುವ ಕೆಲಸ!

ಸೂತಕವಿಲ್ಲದ ಧರ್ಮ

“ಇನ್ನು ದೊಡ್ಡವಳಾದಳು, ಬೀದಿಯಲ್ಲಿ ಆಡುವುದು ಸಾಕು” ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ತಿಂಗಳ ಆ ಮೂರು ದಿನಗಳಲ್ಲಂತೂ ಮೂಲೆಯಲ್ಲಿ ಕುಳಿತಿರಬೇಕೆಂಬ ಕಟ್ಟಳೆ ಹಲವೆಡೆ ಉಳಿದಿದೆ. ಲಿಂಗಾಯತ ಮನೆಗಳಲ್ಲಿ ಇದಕ್ಕೆ ಎಡೆಯಿರಬಾರದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ನಿರಾಕರಿಸಿದ ಧರ್ಮ ನಮ್ಮದು. ಇಷ್ಟಲಿಂಗವನ್ನು ಧರಿಸಿದ ಹೆಣ್ಣುಮಗಳಿಗೆ ಮುಟ್ಟಿನ ದಿನಗಳಲ್ಲಿಯೂ ಲಿಂಗಪೂಜೆಗೆ ಅಡ್ಡಿಯಿಲ್ಲ. ಪೂಜೆಗೆ ಅಡ್ಡಿಯಾಗದ ದಿನ ಆಟಕ್ಕೇಕೆ ಅಡ್ಡಿಯಾಗಬೇಕು?

ವೈದ್ಯಶಾಸ್ತ್ರವೂ ಈ ದಿನಗಳಲ್ಲಿ ಆಡಬಾರದೆಂದು ಹೇಳುವುದಿಲ್ಲ. ನಿಯಮಿತ ವ್ಯಾಯಾಮದಿಂದ ಅನೇಕರಿಗೆ ಹೊಟ್ಟೆನೋವು ತಗ್ಗುವುದುಂಟು. ಆಡಬೇಕೋ ವಿಶ್ರಮಿಸಬೇಕೋ ಎಂಬುದನ್ನು ಮಗಳೇ ತನ್ನ ಶರೀರಸ್ಥಿತಿ ನೋಡಿ ನಿರ್ಧರಿಸಲಿ. ವಿಪರೀತ ನೋವು, ಅತಿಸ್ರಾವಗಳಿದ್ದರೆ ಸಂಕೋಚಪಡದೆ ವೈದ್ಯರಿಗೆ ತೋರಿಸಬೇಕು.

ಆಟವೆಂದರೆ ಸುಸ್ತೆಂದು ಹಿಂಜರಿಯುವ ಹುಡುಗಿಯನ್ನು ಸೋಮಾರಿಯೆಂದು ಜರಿಯುವ ಮುನ್ನ ಇನ್ನೊಂದು ಅಂಶವನ್ನು ಗಮನಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ ಶೇಕಡಾ 31ರಷ್ಟು. ರಕ್ತ ಕಡಿಮೆಯಾದರೆ ನಾಲ್ಕು ಹೆಜ್ಜೆ ಓಡಿದರೂ ಏದುಸಿರು ಬರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ನುಂಗುತ್ತಿದ್ದಾಳೆಯೇ ಎಂದು ವಿಚಾರಿಸಿರಿ. ಸೊಪ್ಪು, ಮೊಳಕೆ ಕಾಳುಗಳ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ; ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ತಾಯಿ-ತಂದೆಯರ ಅಂಜಿಕೆ

ಆಟ ಬಿಡಿಸುವವರೆಲ್ಲರೂ ಮೂಢನಂಬಿಕೆಯಿಂದ ಬಿಡಿಸುತ್ತಾರೆಂದು ಹೇಳುವುದು ಅನ್ಯಾಯವಾದೀತು. ಬೀದಿಯಲ್ಲಿ ವಾಹನಗಳ ದಟ್ಟಣೆ, ಬಯಲುಗಳ ಅಭಾವ, ಪುಂಡರ ಕಾಟ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಚಿಂತೆ ಇವೆಲ್ಲ ನಿಜವಾದ ಕಾರಣಗಳೇ. ಆದರೆ ಇದೇ ಅಂಜಿಕೆಗೆ ಸೋದರ ಆಟ ಬಿಡುವುದಿಲ್ಲ, ಸೋದರಿ ಬಿಡುತ್ತಾಳೆ. ಶಾಲೆಯಿಂದ ಬಂದೊಡನೆ ಅವನು ಚೆಂಡು ಹಿಡಿದು ಹೊರಡುತ್ತಾನೆ, ಅವಳು ಕಸಬರಿಗೆ ಹಿಡಿಯುತ್ತಾಳೆ. ಮನೆಗೆಲಸವೂ ಕಾಯಕವೇ, ಹಾಗಾದರೆ ಅದನ್ನು ಇಬ್ಬರೂ ಹಂಚಿಕೊಳ್ಳಲಿ, ಆಟವನ್ನೂ ಇಬ್ಬರೂ ಆಡಲಿ.

ಸುರಕ್ಷತೆಯ ಪ್ರಶ್ನೆಗೆ ಉತ್ತರ ನಮ್ಮ ಸಮಾಜದ ಕೈಯಲ್ಲಿಯೇ ಇದೆ. ಎಷ್ಟೋ ಊರುಗಳಲ್ಲಿ ಮಠದ ಆವರಣವಿದೆ, ಸಮಾಜದ ಸಂಸ್ಥೆಗಳು ನಡೆಸುವ ಶಾಲೆಗಳ ಮೈದಾನವಿದೆ. ಹಲವೆಡೆ ಅಕ್ಕನ ಬಳಗಗಳಿವೆ. ಬಳಗದ ನಾಲ್ವರು ತಾಯಂದಿರು ಸರದಿಯಂತೆ ಸಂಜೆ ಒಂದು ತಾಸು ಅಲ್ಲಿ ಕುಳಿತರೆ ಸಾಕು, ಇಪ್ಪತ್ತು ಹುಡುಗಿಯರು ನಿರಾತಂಕವಾಗಿ ಖೋ ಖೋ, ಕಬಡ್ಡಿ, ಲಗೋರಿ ಆಡಬಲ್ಲರು. ಖರ್ಚೇನೂ ಇಲ್ಲ. ಮೈದಾನವಿಲ್ಲದ ಕಡೆ ಮಾಳಿಗೆಯ ಮೇಲೆ ಹಗ್ಗದಾಟ, ಅಂಗಳದಲ್ಲಿ ಕುಂಟೆಬಿಲ್ಲೆ, ಶಾಲೆಗೆ ಸೈಕಲ್ಲು ಇವಾದರೂ ಇರಲಿ. ತುಂಡುತುಂಡಾಗಿಯಾದರೂ ಅರವತ್ತು ನಿಮಿಷ ಕೂಡಿಬಂದರೆ ಸಾಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78-40ರಿಂದ ಮಣಿಸಿದ ಭಾರತದ ವನಿತೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಬರಿಗಾಲಿನಲ್ಲಿ, ಮಣ್ಣಿನಲ್ಲಿ ಆಡಬಹುದಾದ ಆಟವದು. ಎಲ್ಲರ ಮಗಳೂ ವಿಶ್ವಕಪ್ ತರಬೇಕಾಗಿಲ್ಲ. ಅರವತ್ತರ ವಯಸ್ಸಿನಲ್ಲಿ ಮಠದ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಏರುವಂತಾದರೆ ಅದೇನು ಕಡಿಮೆ ಗೆಲುವಲ್ಲ. ಅದಕ್ಕೆ ಬೇಕಾದ ಬಲವನ್ನು ಅವಳು ಕೂಡಿಸಿಕೊಳ್ಳಬೇಕಾದ ಕಾಲ ಇದೇ. ಇಂದು ಸಂಜೆ ಮಗಳು ಹೊಸ್ತಿಲು ದಾಟಿ ಆಟಕ್ಕೆ ಹೊರಟಾಗ “ಹೋಗಿ ಬಾರವ್ವ” ಎಂದು ಕಳಿಸಿಕೊಡೋಣ.